ಮೇಲಿಂದ ನೋಡಿದರೆ ತುಮಕೂರಿನ ಕಾಡು: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು ಜಿಲ್ಲೆಯ ಗುಡ್ಡ, ಕಾವಲು, ಗೋಮಾಳಗಳ ಪಕ್ಕದಲ್ಲೇ ಬದುಕುವವರು, ಅಲ್ಲಿನ ಕಾಡನ್ನು ಉಪಗ್ರಹದ ಚಿತ್ರ, ನಕ್ಷೆಗಳಲ್ಲಿ ಗಮನಿಸುವ ಬಗ್ಗೆ ಕೇಳುವ ಪ್ರಶ್ನೆಗಳು ಇವು. ಮೇಷ್ಟ್ರುಗಳು, ಪಂಚಾಯಿತಿ ಸದಸ್ಯರು, ಕಾಲೇಜು ಹುಡುಗ ಹುಡುಗಿಯರು, ಕುರಿ ಮೇಯಿಸುವವರು ಎಲ್ಲರೂ ಇದ್ದಾರೆ. ಕೆಲವಕ್ಕೆ ಒಂದೆರಡು ಸಾಲಿನ ಉತ್ತರ ಸಾಕು. ಕೆಲವು ಎಳೆದಷ್ಟೂ ಉದ್ದ.

ನಮ್ಮದು ಬಯಲುಸೀಮೆ. ಇಲ್ಲಿ ನೋಡೋಕೆ ಕಾಡು ಎಲ್ಲಿದೆ?

ಇದೆ. ಮಲೆನಾಡಿನ ಕಾಡನ್ನು ತಲೆಯಲ್ಲಿಟ್ಟುಕೊಂಡು ಹುಡುಕಿದರೆ ಸಿಗುವುದಿಲ್ಲ, ಅಷ್ಟೇ. ನಮ್ಮದು ಎಲೆ ಉದುರುವ ಒಣ ಕಾಡು, ಮುಳ್ಳುಪೊದೆ, ಬಂಡೆ ಸಂದಿನ ಹಸಿರು, ಹುಲ್ಲುಗಾವಲು. ತುಮಕೂರಿನ ಪಕ್ಕದ ದೇವರಾಯನದುರ್ಗ ಎಲ್ಲರಿಗೂ ಗೊತ್ತು. ಕೊರಟಗೆರೆ ಕಡೆ ಸಿದ್ಧರಬೆಟ್ಟ ಇದೆ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡು 2019ರಲ್ಲಿ ಚಿಂಕಾರ (ಒಂದು ಬಗೆಯ ಹುಲ್ಲೆ) ವನ್ಯಜೀವಿಧಾಮ ಆಯಿತು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 798 ಎಕರೆಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ 2007ರಿಂದ ಇದೆ. ಅಲ್ಲಿ ಕೃಷ್ಣಮೃಗಕ್ಕೆ ಬೇಕಾಗಿರುವುದು ದಟ್ಟ ಮರ ಅಲ್ಲ, ಬಯಲು. ಈ ಒಂದು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಕುರುಚಲು ಕಾಡಿಗೂ ಹವಾಮಾನ ಬದಲಾವಣೆಗೂ ಏನು ಸಂಬಂಧ?

ಒಣಗಿದ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಇಂಗಾಲ. ಒಂದು ಟನ್ ಒಣ ಮರ ಪೂರ್ತಿ ಸುಟ್ಟರೆ ಸುಮಾರು 1.7 ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ತೂಕ ಹೆಚ್ಚಾಗುವುದು ಗಾಳಿಯ ಆಮ್ಲಜನಕ ಅದರ ಜೊತೆ ಸೇರುವುದರಿಂದ. ನಮ್ಮ ಒಂದು ಎಕರೆ ಕುರುಚಲು ಕಾಡು ಒಂದು ಎಕರೆ ಮಲೆನಾಡಿನ ಕಾಡಿನಷ್ಟು ಇಂಗಾಲ ಹಿಡಿದಿಟ್ಟುಕೊಳ್ಳುವುದಿಲ್ಲ, ನಿಜ. ಆದರೆ ಹುಲ್ಲುಗಾವಲಿನ ಇಂಗಾಲ ಬಹುಪಾಲು ಮಣ್ಣಿನೊಳಗೆ, ಬೇರಿನಲ್ಲಿ ಇರುತ್ತದೆ. ಜೆಸಿಬಿ ತಂದು ಉತ್ತರೆ ಅದೂ ಹೊರಟು ಹೋಗುತ್ತದೆ.

ದೇಶದ ಲೆಕ್ಕವೂ ಇದಕ್ಕೆ ಸೇರಿದೆ. 2030ರೊಳಗೆ ಕಾಡು ಮತ್ತು ಮರಗಳ ಮೂಲಕ 250ರಿಂದ 300 ಕೋಟಿ ಟನ್‌ನಷ್ಟು ಇಂಗಾಲದ ಡೈಆಕ್ಸೈಡ್ ಹೆಚ್ಚುವರಿಯಾಗಿ ಹೀರಿಕೊಳ್ಳುವ ವ್ಯವಸ್ಥೆ ಮಾಡುತ್ತೇವೆ ಎಂದು ಭಾರತ 2015ರಲ್ಲಿ ಮಾತು ಕೊಟ್ಟಿದೆ. 2005ಕ್ಕೆ ಹೋಲಿಸಿದರೆ 229 ಕೋಟಿ ಟನ್ ಆಗಲೇ ಹೆಚ್ಚಾಗಿದೆ ಅನ್ನುತ್ತದೆ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ 2023ರ ವರದಿ. ಇಂಥ ದೊಡ್ಡ ಅಂಕಿಗಳೆಲ್ಲ ಕೊನೆಗೆ ನಿಂತಿರುವುದು ಉಪಗ್ರಹದ ಚಿತ್ರ ಮತ್ತು ನೆಲದ ಅಳತೆಯ ಮೇಲೆ. ನಿಮ್ಮೂರಿನ ಗುಡ್ಡವೂ ಆ ಚಿತ್ರದಲ್ಲಿ ಕೆಲವು ಚುಕ್ಕಿ.

ಯಾವ ಸಾಧನದಿಂದ ಶುರು ಮಾಡೋದು?

ಎಲ್ಲವನ್ನೂ ಒಟ್ಟಿಗೆ ತೆರೆದು ಕೂರಬೇಡಿ, ತಲೆ ಕೆಡುತ್ತದೆ. ಮೊದಲು ಗೂಗಲ್ ಅರ್ಥ್. ನಿಮ್ಮ ಗುಡ್ಡ ಹುಡುಕಿ, ಹಳೇ ವರ್ಷಗಳ ಚಿತ್ರಕ್ಕೆ ಹೋಗಿ. ಅದರ ಟೈಮ್‌ಲ್ಯಾಪ್ಸ್ 1984ರಿಂದ ಇದೆ.

ಆಮೇಲೆ ಗ್ಲೋಬಲ್ ಫಾರೆಸ್ಟ್ ವಾಚ್. ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ನಡೆಸುವ ನಕ್ಷೆ ಇದು. ಇದರ ಮರ ನಷ್ಟದ ಪದರಕ್ಕೆ ಮಾಹಿತಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ್ದು. 2001ರಿಂದ ವರ್ಷ ವರ್ಷ ಎಲ್ಲಿ ಮರ ಹೋಯಿತು ಎಂದು ಗುಲಾಬಿ ಬಣ್ಣದಲ್ಲಿ ತೋರಿಸುತ್ತದೆ. ಇದರದೇ ಫಾರೆಸ್ಟ್ ವಾಚರ್ ಅನ್ನುವ ಆ್ಯಪ್ ನೆಟ್‌ವರ್ಕ್ ಇಲ್ಲದ ಕಡೆಯೂ ಕೆಲಸ ಮಾಡುತ್ತದೆ. ನಮ್ಮ ಗುಡ್ಡಗಳ ಹಿಂಬದಿಗೆ ಹೋದವರಿಗೆ ಇದರ ಬೆಲೆ ಗೊತ್ತು.

ಇತ್ತೀಚಿನ ಚಿತ್ರ ಬೇಕಾದರೆ ಕೊಪರ್ನಿಕಸ್ ಬ್ರೌಸರ್. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರ ಸುಮಾರು ಐದು ದಿನಕ್ಕೊಮ್ಮೆ ಪುಕ್ಕಟೆ ಸಿಗುತ್ತದೆ. ಬೆಂಕಿಗೆ ನಾಸಾದ ಫರ್ಮ್ಸ್ ಮತ್ತು ನಮ್ಮ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ವನ್ ಅಗ್ನಿ. ಜಾಗ ಯಾರದ್ದು ಅನ್ನುವ ಪ್ರಶ್ನೆ ಬಂದಾಗ ನಮ್ಮ ರಾಜ್ಯದ ದಿಶಾಂಕ್ ಆ್ಯಪ್. ನಿಂತ ಜಾಗದ ಸರ್ವೆ ನಂಬರ್ ಹೇಳುತ್ತದೆ. ಇಸ್ರೋದ ಭುವನ್ ಅನ್ನುವ ನಕ್ಷೆ ತಾಣ ಕೂಡ ಇದೆ, ಆದರೆ ಹೊಸಬರಿಗೆ ಸ್ವಲ್ಪ ತಾಳ್ಮೆ ಬೇಕು.

ನಕ್ಷೆಯ ಒಂದು ಚುಕ್ಕಿ ಅಂದ್ರೆ ಎಷ್ಟು ಜಾಗ?

ಗುಂಟೆ ಲೆಕ್ಕದಲ್ಲಿ ಹೇಳುತ್ತೇವೆ. ಸೆಂಟಿನೆಲ್-2 ಚಿತ್ರದ ಒಂದು ಚುಕ್ಕಿ 10 ಮೀಟರ್ ಅಗಲ, 10 ಮೀಟರ್ ಉದ್ದ. ಅಂದರೆ ಹೆಚ್ಚು ಕಡಿಮೆ ಒಂದು ಗುಂಟೆ. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹದ್ದು 30 ಮೀಟರ್, ಸುಮಾರು ಒಂಬತ್ತು ಗುಂಟೆ. ಗ್ಲೋಬಲ್ ಫಾರೆಸ್ಟ್ ವಾಚ್‌ನ ವರ್ಷದ ನಷ್ಟದ ನಕ್ಷೆ ಇದರಿಂದಲೇ ಬಂದದ್ದು. ಅರಣ್ಯ ಸರ್ವೇಕ್ಷಣಾ ಸಂಸ್ಥೆ ಒಂದು ಹೆಕ್ಟೇರ್‌ಗಿಂತ, ಅಂದರೆ ಎರಡೂವರೆ ಎಕರೆಗಿಂತ ಚಿಕ್ಕ ತುಂಡನ್ನು ಕಾಡಿನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬೆಂಕಿ ತೋರಿಸುವ ವಿಐಐಆರ್‌ಎಸ್ ಸಾಧನದ ಚುಕ್ಕಿ 375 ಮೀಟರ್, ಅಂದರೆ ಸುಮಾರು 35 ಎಕರೆ.

ಹಾಗಾಗಿ ಹೊಲದ ಬದುವಿನ ಎರಡು ಹುಣಸೇಮರ ಕಡಿದದ್ದನ್ನು ಇದರಲ್ಲಿ ಹುಡುಕಬೇಡಿ. ಸಿಗಲ್ಲ.

ಮಾರ್ಚ್‌ನಲ್ಲಿ ನಕ್ಷೆ ತೆಗೆದೆ. ದೇವರಾಯನದುರ್ಗದಲ್ಲಿ ಅರ್ಧ ಕಾಡು ಮಾಯ! ಯಾರಿಗೆ ದೂರು ಕೊಡಲಿ?

ಯಾರಿಗೂ ಬೇಡ. ಎಲೆ ಉದುರಿದೆ.

ಈ ಪ್ರಶ್ನೆ ಪ್ರತಿ ಬೇಸಿಗೆಯಲ್ಲೂ ಬರುತ್ತದೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳಬೇಕು. ಹಸಿರು ಎಲೆ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ, ನಮ್ಮ ಕಣ್ಣಿಗೆ ಕಾಣದ ಅತಿಗೆಂಪು ಬೆಳಕನ್ನು ವಾಪಸ್ ಎಸೆಯುತ್ತದೆ. ಉಪಗ್ರಹ ಎರಡನ್ನೂ ಅಳೆದು ಒಂದು ಅಂಕಿ ಮಾಡುತ್ತದೆ. ಅದೇ ಎನ್‌ಡಿವಿಐ. ಮೈನಸ್ ಒಂದರಿಂದ ಒಂದರವರೆಗೆ ಇರುತ್ತದೆ. ಹಸಿರು ಜಾಸ್ತಿ ಇದ್ದಷ್ಟೂ ಒಂದರ ಕಡೆ ಹೋಗುತ್ತದೆ. ಇದು ಎಲೆಯ ಲೆಕ್ಕ, ಮರದ ಲೆಕ್ಕ ಅಲ್ಲ. ದಿಂಡುಗ, ಬೂರುಗ, ಮುತ್ತುಗ ಎಲ್ಲ ಬೇಸಿಗೆಯಲ್ಲಿ ಬೋಳು. ಮುತ್ತುಗ ಅಂತೂ ಎಲೆ ಕಳಚಿ ಮೈತುಂಬ ಕೆಂಪು ಹೂ ಬಿಟ್ಟಿರುತ್ತದೆ. ನಮ್ಮ ಕಣ್ಣಿಗೆ ಅದು ಹಬ್ಬ, ಎನ್‌ಡಿವಿಐಗೆ ನಷ್ಟ.

ಆದ್ದರಿಂದ ಅಕ್ಟೋಬರ್ ಚಿತ್ರವನ್ನು ಮಾರ್ಚ್ ಚಿತ್ರದ ಪಕ್ಕ ಇಡಬೇಡಿ. ಈ ಮಾರ್ಚ್‌ನ್ನು ಹೋದ ಮಾರ್ಚ್ ಜೊತೆ, ಅದರ ಹಿಂದಿನ ಮಾರ್ಚ್ ಜೊತೆ ನೋಡಿ. ಮಳೆ ಕೈಕೊಟ್ಟ ವರ್ಷವಾಗಿದ್ದರೆ ಅದನ್ನೂ ಗಮನಿಸಿ. ನಮಗೆ ಮಳೆ ಮುಗಿದು ಆಕಾಶ ತಿಳಿಯಾಗುವ ನವೆಂಬರ್, ಡಿಸೆಂಬರ್ ಚಿತ್ರಗಳು ಹೋಲಿಕೆಗೆ ಒಳ್ಳೆಯವು. ಆಗಲೂ ಬೋಳಾಗಿ ಕಂಡರೆ ಹೋಗಿ ನೋಡುವ ವಿಷಯ.

ಇದರ ಉಲ್ಟಾ ಮೋಸವೂ ಇದೆ. ಬಳ್ಳಾರಿ ಜಾಲಿ ಕಡು ಬೇಸಿಗೆಯಲ್ಲೂ ಹಸಿರಾಗಿರುತ್ತದೆ. ಲಂಟಾನ ಒಂದು ಮಳೆ ಬಿದ್ದರೆ ಸಾಕು, ಚಿಗುರಿ ನಿಲ್ಲುತ್ತದೆ. ಇವೆರಡೂ ನುಗ್ಗಿದ ಗುಡ್ಡ ನಕ್ಷೆಯಲ್ಲಿ ವರ್ಷದಿಂದ ವರ್ಷಕ್ಕೆ ಸುಧಾರಿಸಿದ ಹಾಗೆ ಕಾಣುತ್ತದೆ. ಕುರಿ ಮೇಯಿಸುವವರನ್ನು ಕೇಳಿ, ಸುಧಾರಿಸಿದೆಯಾ ಅಂತ.

ತಿಪಟೂರಿನ ತೆಂಗಿನ ತೋಟವೆಲ್ಲ ಕಾಡು ಅಂತ ತೋರಿಸುತ್ತಲ್ಲ, ಇದೇನು ತಮಾಷೆ?

ತಮಾಷೆ ಅಲ್ಲ, ಲೆಕ್ಕದ ರೀತಿಯೇ ಹಾಗೆ. ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ಪ್ರಕಾರ ಒಂದು ಹೆಕ್ಟೇರ್‌ಗಿಂತ ದೊಡ್ಡದಾಗಿದ್ದು, ಮೇಲಿಂದ ನೋಡಿದಾಗ ನೆಲದ 10 ಶೇಕಡಕ್ಕಿಂತ ಹೆಚ್ಚು ಭಾಗ ಮರದ ನೆತ್ತಿಯಿಂದ ಮುಚ್ಚಿದ್ದರೆ ಅದು ‘ಅರಣ್ಯ ಹೊದಿಕೆ’. ಜಾಗ ಯಾರದ್ದು, ಯಾವ ಮರ, ಯಾರು ನೆಟ್ಟರು ಎಂದು ಅದು ಕೇಳುವುದಿಲ್ಲ. ಹಣ್ಣಿನ ತೋಟ, ತಾಳೆ ಜಾತಿಯ ಮರ ಎಲ್ಲ ಸೇರುತ್ತವೆ. ಗ್ಲೋಬಲ್ ಫಾರೆಸ್ಟ್ ವಾಚ್ ಐದು ಮೀಟರ್‌ಗಿಂತ ಎತ್ತರದ ಗಿಡಮರವನ್ನೆಲ್ಲ ‘ಮರದ ಹೊದಿಕೆ’ ಅನ್ನುತ್ತದೆ. ನೀವು ಬದಲಾಯಿಸದಿದ್ದರೆ 30 ಶೇಕಡಕ್ಕಿಂತ ಹೆಚ್ಚು ನೆತ್ತಿ ಮುಚ್ಚಿರುವ ಜಾಗ ಮಾತ್ರ ತೋರಿಸುತ್ತದೆ.

ಪರಿಣಾಮ ಏನು ಗೊತ್ತಾ? ತಿಪಟೂರು, ತುರುವೇಕೆರೆ, ಗುಬ್ಬಿ ಕಡೆಯ ತೋಟ ಹಸಿರು ಹಸಿರಾಗಿ ಕಾಣುತ್ತದೆ. ನಿಜವಾದ ಕಾಡು ಇರುವ ಒಣ ಗುಡ್ಡ ಖಾಲಿ ಕಾಣಬಹುದು. ಗ್ಲೋಬಲ್ ಫಾರೆಸ್ಟ್ ವಾಚ್‌ನಲ್ಲಿ ನಮ್ಮ ಜಿಲ್ಲೆ ನೋಡುವಾಗ ಆ 30ನ್ನು 10ಕ್ಕೆ ಇಳಿಸಿ ನೋಡಿ. ಚಿತ್ರವೇ ಬದಲಾಗುತ್ತದೆ. ಆಮೇಲೆ ಅದರ ಮೇಲೆ ಅರಣ್ಯದ ಗಡಿ ಎಲ್ಲಿದೆ ಎಂದು ಹೊಂದಿಸಿ ನೋಡಿ. ‘ಜಿಲ್ಲೆಯಲ್ಲಿ ಅರಣ್ಯ ಹೆಚ್ಚಾಗಿದೆ’ ಎಂದು ಯಾರಾದರೂ ಹೇಳಿದರೆ ಎಲ್ಲಿ ಹೆಚ್ಚಾಗಿದೆ, ಅದು ಅಡಿಕೆ ತೋಟವಾ ಎಂದು ಕೇಳುವ ಹಕ್ಕು ನಿಮಗಿದೆ.

ನೀಲಗಿರಿ ತೋಪು ಕಡಿದರೆ ಅದನ್ನೂ ಕಾಡು ನಾಶ ಅಂತ ಬರೆಯುತ್ತದಾ?

ಬರೆಯುತ್ತದೆ. ನೀಲಗಿರಿ ಕಡಿದ ಮೇಲೆ ಬುಡದಿಂದ ಕೂಳೆ ಚಿಗುರು ಬರುತ್ತದೆ, ಕೆಲವು ವರ್ಷಕ್ಕೆ ಮತ್ತೆ ಕೊಯ್ಲು. ಗ್ಲೋಬಲ್ ಫಾರೆಸ್ಟ್ ವಾಚ್ ನಕ್ಷೆಗೆ ಈ ವ್ಯವಹಾರ ಗೊತ್ತಿಲ್ಲ. ಇನ್ನೊಂದು ಸೂಕ್ಷ್ಮ: ಒಂದು ಚುಕ್ಕಿಗೆ ಅದು ಒಂದೇ ಒಂದು ನಷ್ಟದ ವರ್ಷ ಬರೆದಿಡುತ್ತದೆ. ಎರಡು ಮೂರು ಸಲ ಕಡಿದರೂ ಲೆಕ್ಕಕ್ಕೆ ಒಮ್ಮೆ. ಕೋಲಾರ, ಚಿಕ್ಕಬಳ್ಳಾಪುರದ ನಕ್ಷೆ ನೋಡುವವರು ಇದನ್ನು ಮರೆಯಲೇಬಾರದು. ಅಲ್ಲಿ ಗುಲಾಬಿ ಚುಕ್ಕಿ ಕಂಡರೆ ಮೊದಲ ಅನುಮಾನ ನೀಲಗಿರಿ ಮೇಲೇ ಇರಲಿ. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತು. ಹಳೇ ತೋಪು ಕಡಿಯುವುದು ಬೇರೆ ಮಾತು.

ಹಾಗೇ, ವರ್ಷಗಳನ್ನು ಹೋಲಿಸುವಾಗಲೂ ಹುಷಾರು. ಲೆಕ್ಕ ಹಾಕುವ ವಿಧಾನ ನಡುವೆ ಸುಧಾರಿಸಿದೆ. 2015ರ ನಂತರದ ನಷ್ಟವನ್ನು ಅದಕ್ಕೂ ಹಿಂದಿನದಕ್ಕೆ ನೇರವಾಗಿ ಹೋಲಿಸಬೇಡಿ ಎಂದು ಆ ನಕ್ಷೆ ಮಾಡುವವರೇ ಎಚ್ಚರಿಸುತ್ತಾರೆ.

ಕಾವಲು, ಗೋಮಾಳದ ಹುಲ್ಲುಗಾವಲು ಹೋದರೆ ನಕ್ಷೆಗೆ ಗೊತ್ತಾಗುತ್ತಾ?

ಮರ ನಷ್ಟದ ನಕ್ಷೆಗೆ ಗೊತ್ತಾಗುವುದಿಲ್ಲ. ಇದ್ದದ್ದೇ ಹುಲ್ಲು, ಮರ ಇರಲಿಲ್ಲ. ಆದ್ದರಿಂದ ನಷ್ಟವೂ ಇಲ್ಲ! ನಮ್ಮ ಮಟ್ಟಿಗೆ ಈ ಸಾಧನಗಳ ದೊಡ್ಡ ಕುರುಡು ಇದೇ. ದೇಶದ ಬಂಜರು ಭೂಮಿ ನಕ್ಷೆಯಲ್ಲೂ ಕುರುಚಲು ನೆಲ ‘ಬಂಜರು’ ಅನ್ನಿಸಿಕೊಂಡು ಕೂತಿದೆ. ಚಿಂಕಾರ, ಕೃಷ್ಣಮೃಗ, ತೋಳ, ಕುರಿ, ಕುರುಬರು ಎಲ್ಲ ಬದುಕುವ ಜಾಗಕ್ಕೆ ಆ ಹೆಸರು.

ಪಾವಗಡದ ಸೋಲಾರ್ ಪಾರ್ಕ್ ನೋಡಿ. 2,050 ಮೆಗಾವಾಟ್, ಸುಮಾರು 13,000 ಎಕರೆ. ರೈತರಿಂದ ಗುತ್ತಿಗೆಗೆ ಪಡೆದ ಜಮೀನು. ಕಲ್ಲಿದ್ದಲು ಸುಡುವುದಕ್ಕಿಂತ ಬಿಸಿಲಿನ ಕರೆಂಟ್ ಒಳ್ಳೆಯದೇ, ಅದರಲ್ಲಿ ನಮಗೆ ತಕರಾರಿಲ್ಲ. ಹೇಳಬೇಕಾದದ್ದು ಇಷ್ಟೇ: ಸೆಂಟಿನೆಲ್ ಚಿತ್ರದಲ್ಲಿ ತಿರುಮಣಿ ಸುತ್ತ ಅದು ಕಪ್ಪು ನೀಲಿ ಪಟ್ಟಿಗಳಾಗಿ ಕಣ್ಣಿಗೆ ಹೊಡೆಯುತ್ತದೆ. ನೆಲದ ಬಳಕೆ ಇಷ್ಟು ಬದಲಾದರೂ ಮರವನ್ನಷ್ಟೇ ಎಣಿಸುವ ನಕ್ಷೆಗೆ ಅದು ದೊಡ್ಡ ಸುದ್ದಿ ಅಲ್ಲ. ಹುಲ್ಲುಗಾವಲು ಕಾಯಬೇಕಾದರೆ ಸೆಂಟಿನೆಲ್ ಚಿತ್ರವನ್ನೇ ನೋಡಿ. ಹೊಸ ರಸ್ತೆ, ನೇರ ಬೇಲಿ, ಚೌಕಾಕಾರದ ಕೆಂಪು ನೆಲ. ಪ್ರಕೃತಿಯಲ್ಲಿ ನೇರ ಗೆರೆ ಅಪರೂಪ, ಅದು ಕಂಡರೆ ಮನುಷ್ಯ ಬಂದಿದ್ದಾನೆ ಅಂತಲೇ ಅರ್ಥ.

ಬೆಂಕಿ ಬಿದ್ದದ್ದು ಫೋನಿಗೇ ಗೊತ್ತಾಗುತ್ತಂತೆ, ಹೌದಾ?

ಹೌದು. ಆದರೆ ಎಷ್ಟು ಬೇಗ ಅನ್ನುವುದು ಬೇರೆ ಮಾತು. ವನ್ ಅಗ್ನಿಯಲ್ಲಿ ಹೆಸರು ನೋಂದಾಯಿಸಿದರೆ ನೀವು ಆರಿಸಿದ ಪ್ರದೇಶದ ಎಚ್ಚರಿಕೆ ಬರುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಫರ್ಮ್ಸ್‌ನಲ್ಲಿ ಉಪಗ್ರಹ ಹಾದುಹೋದ ಸುಮಾರು ಮೂರು ಗಂಟೆಯೊಳಗೆ ಚುಕ್ಕಿ ಬೀಳುತ್ತದೆ.

ಒಂದು ಚುಕ್ಕಿಯನ್ನು ಹೇಗೆ ಓದಬೇಕು ನೋಡೋಣ. ಮಾರ್ಚ್ ತಿಂಗಳು, ನಾಮದ ಚಿಲುಮೆ ಮೇಲಿನ ಇಳಿಜಾರಿನಲ್ಲಿ ಕೆಂಪು ಚುಕ್ಕಿ ಕಂಡಿತು ಅಂದುಕೊಳ್ಳಿ. ಅದರ ಮೇಲೆ ಒತ್ತಿ. ಸಮಯ 08:05 ಅಂತ ಇರುತ್ತದೆ. ಅದು ನಮ್ಮ ಗಡಿಯಾರ ಅಲ್ಲ, ಐದೂವರೆ ಗಂಟೆ ಸೇರಿಸಿ. ಮಧ್ಯಾಹ್ನ 1:35. ಆಮೇಲೆ ನಂಬಿಕೆಯ ಮಟ್ಟ: ಕಡಿಮೆ, ಸಾಧಾರಣ, ಹೆಚ್ಚು ಎಂದು ಮೂರು ಇವೆ. ಚುಕ್ಕಿ ಬಿದ್ದ ಜಾಗದಲ್ಲೇ ಬೆಂಕಿ ಇದೆ ಎಂದು ಓಡಬೇಡಿ. ಅದು ಸುಮಾರು 35 ಎಕರೆ ಚೌಕದ ನಡುಬಿಂದು, ಬೆಂಕಿ ಅದರೊಳಗೆ ಎಲ್ಲಾದರೂ ಇರಬಹುದು. ಈಗ ಕೆಳಗೆ ಏನಿದೆ ನೋಡಿ. ಇಟ್ಟಿಗೆ ಗೂಡಾ? ಹೊಲದಲ್ಲಿ ಕಸ ಸುಟ್ಟರಾ? ತಗಡಿನ ಚಾವಣಿ, ಸೋಲಾರ್ ಫಲಕದ ಹೊಳಪಿಗೂ ಹಗಲಲ್ಲಿ ಉಪಗ್ರಹ ಮೋಸ ಹೋಗುತ್ತದೆ. ರಾತ್ರಿ ಒಂದೂವರೆಯ ಸುತ್ತಿನಲ್ಲೂ ಅಲ್ಲೇ ಚುಕ್ಕಿ ಬಂದರೆ ಬಿಸಿಲಿನ ಹೊಳಪು ಅನ್ನುವ ಅನುಮಾನ ಬಿಡಬಹುದು.

ಬೆಂಕಿ ತೋರಿಸುವ ವಿಐಐಆರ್‌ಎಸ್ ಸಾಧನ ಹೊತ್ತ ಉಪಗ್ರಹಗಳು ಹಾದುಹೋಗುವುದು ಹಗಲು ಒಂದೂವರೆ, ರಾತ್ರಿ ಒಂದೂವರೆ ಆಸುಪಾಸಿನಲ್ಲಿ. ಸಂಜೆ ನಾಲ್ಕಕ್ಕೆ ಹತ್ತಿ ಎಂಟಕ್ಕೆ ಆರಿದ ಹುಲ್ಲಿನ ಬೆಂಕಿ ಅವಕ್ಕೆ ಗೊತ್ತೇ ಆಗುವುದಿಲ್ಲ. ಬೆಟ್ಟದ ತಪ್ಪಲಿನ ಅಜ್ಜಿ ಹೊಗೆ ನೋಡಿ ಫೋನ್ ಮಾಡಿದರೆ ಅದೇ ಬೇಗ. ಅರಣ್ಯ ಇಲಾಖೆಯ ಸಹಾಯವಾಣಿ 1926, ತುರ್ತಿಗೆ 112.

ಹಾಗಾದರೆ ಉಪಗ್ರಹ ಯಾಕೆ? ಹಿಂದಿನ ಹತ್ತು ವರ್ಷದ ಚುಕ್ಕಿಗಳನ್ನು ಒಟ್ಟಿಗೆ ಹಾಕಿ ನೋಡಿ. ಬೆಂಕಿ ಎಲ್ಲೆಂದರಲ್ಲಿ ಬೀಳುವುದಿಲ್ಲ. ರಸ್ತೆ ಬದಿ, ಜನ ಹೆಚ್ಚು ಓಡಾಡುವ ದಾರಿ, ಹೊಸ ಹುಲ್ಲಿಗೆಂದು ಹಚ್ಚುವ ಇಳಿಜಾರು, ಹೀಗೆ ಕೆಲವೇ ಕಡೆ ಮತ್ತೆ ಮತ್ತೆ ಕಾಣುತ್ತದೆ. ಜನವರಿಯಲ್ಲಿ ಬೆಂಕಿ ರೇಖೆ (ಬೆಂಕಿ ಹರಡದಂತೆ ಹುಲ್ಲು ಸವರಿದ ಪಟ್ಟಿ) ಕಡಿಯುವಾಗ ಯಾವ ಕಡೆಯಿಂದ ಶುರು ಮಾಡಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಆಧಾರ ಇಲ್ಲ. ಸುಟ್ಟ ಹುಲ್ಲು ಮುಂದಿನ ಮಳೆಗೆ ಬೆಳೆದು ಆ ಇಂಗಾಲವನ್ನು ವಾಪಸ್ ಎಳೆದುಕೊಳ್ಳುತ್ತದೆ. ಸತ್ತ ಎಳೆ ಸಸಿ, ಪೊಳ್ಳು ಬಿದ್ದು ಉರಿದ ಹಳೇ ಮರ ವಾಪಸ್ ಬರುವುದಿಲ್ಲ.

ಸ್ಥಳಕ್ಕೆ ಹೋದಾಗ ಏನು ಬರೆದುಕೊಳ್ಳಬೇಕು?

ದಿನಾಂಕ, ಹೊತ್ತು, ಅಕ್ಷಾಂಶ, ರೇಖಾಂಶ. ನಮ್ಮ ಜಿಲ್ಲೆಯಲ್ಲಿ ಮೊದಲ ಅಂಕಿ ಹೆಚ್ಚಾಗಿ 13, ಪಾವಗಡದ ಕಡೆ 14. ಎರಡನೆಯದು 76 ಅಥವಾ 77. ಇದು ಅದಲು ಬದಲಾದರೆ ನಿಮ್ಮ ಗುಡ್ಡ ಹಿಮದ ಸಮುದ್ರಕ್ಕೆ ಹೋಗಿ ಬೀಳುತ್ತದೆ. ನಾಲ್ಕು ದಿಕ್ಕಿಗೂ ಒಂದೊಂದು ಫೋಟೋ. ಬುಡ ಕಡಿದಿದ್ದರೆ ಗರಗಸದ್ದಾ ಕೊಡಲಿಯದ್ದಾ, ಹಸಿಯಾ ಒಣಗಿದೆಯಾ, ಚಿಗುರು ಬಂದಿದೆಯಾ. ಮರದ ಹೆಸರು ಊರಲ್ಲಿ ಏನನ್ನುತ್ತಾರೋ ಅದನ್ನೇ ಬರೆಯಿರಿ. ಏನೂ ಆಗಿರದಿದ್ದರೆ ‘ಏನೂ ಆಗಿಲ್ಲ, ಎಲೆ ಉದುರಿದೆ’ ಅಂತ ಬರೆಯಿರಿ. ಅದೂ ಬೆಲೆಬಾಳುವ ಮಾಹಿತಿಯೇ. ಜನ ಇದನ್ನು ಬರೆಯುವುದೇ ಇಲ್ಲ.

ಒಬ್ಬರೇ ಹೋಗಬೇಡಿ. ಮೀಸಲು ಅರಣ್ಯ, ವನ್ಯಜೀವಿಧಾಮದೊಳಗೆ ಹೋಗುವ ಮುಂಚೆ ಗಾರ್ಡ್‌ಗೆ ತಿಳಿಸಿ. ಕಡಿಯುವವರು ಅಲ್ಲೇ ಇದ್ದರೆ ಫೋಟೋ ತೆಗೆಯುವ ಧೈರ್ಯ ತೋರಿಸದೆ ಹಿಂದಕ್ಕೆ ಬನ್ನಿ.

ಈ ಮಾಹಿತಿ ಯಾರಿಗೆ ಕೊಡೋದು? ಕೊಟ್ಟರೆ ಏನಾದರೂ ಆಗುತ್ತಾ?

ಮೊದಲು ದಿಶಾಂಕ್‌ನಲ್ಲಿ ಸರ್ವೆ ನಂಬರ್ ನೋಡಿ. ಅರಣ್ಯದ್ದಾದರೆ ವಲಯ ಅರಣ್ಯಾಧಿಕಾರಿಗೆ, ಕಂದಾಯದ್ದಾದರೆ ತಹಶೀಲ್ದಾರರಿಗೆ. ಡೀಮ್ಡ್ ಅರಣ್ಯ, ಅಂದರೆ ಅಧಿಸೂಚನೆ ಆಗದಿದ್ದರೂ ಕಾಡು ಎಂದೇ ಪರಿಗಣಿಸಿದ ಜಾಗ ಆಗಿದ್ದರೆ ಇಬ್ಬರಿಗೂ. ‘ಕಾಡು ನಾಶ ಆಗಿದೆ’ ಅಂತ ಬರೆದರೆ ಕಾಗದ ಕಡತದಲ್ಲಿ ಮಲಗುತ್ತದೆ. ಇಂಥ ಸರ್ವೆ ನಂಬರ್, ಇಂಥ ದಿನದ ಚಿತ್ರದಲ್ಲಿ ಹೀಗಿತ್ತು, ಇಂಥ ದಿನ ಹೀಗಾಯಿತು, ನಾವು ಹೋದಾಗ ಕಂಡದ್ದು ಇದು ಎಂದು ಒಂದೇ ಹಾಳೆಯಲ್ಲಿ ಬರೆದು ಎರಡು ಚಿತ್ರ ಅಂಟಿಸಿದರೆ ಉತ್ತರ ಕೊಡದೆ ತಪ್ಪಿಸಿಕೊಳ್ಳುವುದು ಕಷ್ಟ. ಸ್ವೀಕೃತಿ ಹಾಕಿಸಿಕೊಳ್ಳಿ.

ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ಮರೆಯಬೇಡಿ. 2002ರ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಇರಬೇಕು. ಬಹಳ ಕಡೆ ಅದು ಹೆಸರಿಗಷ್ಟೇ ಇದೆ. ಗ್ರಾಮಸಭೆಯಲ್ಲಿ ಗೋಡೆ ಮೇಲೆ ಎರಡು ಚಿತ್ರ ಅಕ್ಕಪಕ್ಕ ತೋರಿಸಿ ನೋಡಿ. ‘ಅಯ್ಯೋ, ಅದು ನಮ್ ಗೋಮಾಳ ಅಲ್ವಾ’ ಅನ್ನುವ ಮಾತು ಬಂದೇ ಬರುತ್ತದೆ.

ಮಳೆಗಾಲದಲ್ಲಿ ಬರೀ ಮೋಡ. ಏನು ಮಾಡೋದು?

ಕಾಯುವುದು, ಇಲ್ಲವೇ ರೇಡಾರ್ ಚಿತ್ರ ನೋಡುವುದು. ಸೆಂಟಿನೆಲ್-1 ಮೋಡದೊಳಗಿಂದಲೂ ನೋಡುತ್ತದೆ, ಆದರೆ ಆ ಕಪ್ಪು ಬಿಳುಪು ಚಿತ್ರ ಓದಲು ಅಭ್ಯಾಸ ಬೇಕು. ಇಸ್ರೋ ಮತ್ತು ನಾಸಾ ಸೇರಿ ಮಾಡಿದ ನಿಸಾರ್ ಉಪಗ್ರಹ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿತು. ಅದರದೂ ರೇಡಾರ್ ಕಣ್ಣೇ. ಮರದಲ್ಲಿ ಎಷ್ಟು ತೂಕ ಇದೆ ಎಂದು ಅಂದಾಜು ಮಾಡುವುದು ಅದರ ಕೆಲಸಗಳಲ್ಲಿ ಒಂದು.

ಡ್ರೋನ್ ಹಾರಿಸಬಹುದಾ?

ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಡಿನ ಮೇಲೆ ಬೇಡ. 2021ರ ಡ್ರೋನ್ ನಿಯಮಗಳೂ ಇವೆ. ನಮ್ಮ ಕೆಲಸದ ಬಹುಪಾಲಿಗೆ ಅದು ಬೇಕಾಗಿಯೂ ಇಲ್ಲ.

‘ನಿಮ್ಮ ಮರಕ್ಕೆ ಕಾರ್ಬನ್ ದುಡ್ಡು ಕೊಡಿಸ್ತೀವಿ’ ಅಂತ ಒಬ್ಬರು ಬಂದಿದ್ರು. ಸಹಿ ಹಾಕಲಾ?

ಓದದೆ ಹಾಕಬೇಡಿ. ಕಾರ್ಬನ್ ಕ್ರೆಡಿಟ್, ಅಂದರೆ ಮರ ಹೀರಿದ ಇಂಗಾಲವನ್ನು ಲೆಕ್ಕ ಹಾಕಿ ಮಾರುವುದು, ನಿಜವಾದ ವ್ಯವಹಾರವೇ. ಆದರೆ ಆಗಲೇ ನಿಂತಿರುವ ನಿಮ್ಮ ಹುಣಸೆ, ಹೊಂಗೆಗೆ ಸುಮ್ನೆ ದುಡ್ಡು ಬರುವುದಿಲ್ಲ. ಈ ಯೋಜನೆ ಇಲ್ಲದಿದ್ದರೆ ಆಗದೇ ಇರುತ್ತಿದ್ದ ಹೆಚ್ಚುವರಿ ಕೆಲಸಕ್ಕೆ ಮಾತ್ರ ಲೆಕ್ಕ. ಒಪ್ಪಂದ ಹತ್ತಾರು ವರ್ಷದ್ದಿರಬಹುದು. ಅಷ್ಟು ದಿನ ಮರ ಕಡಿಯುವ ಹಾಗಿಲ್ಲ. ಬರ ಬಂದು ಮರ ಸತ್ತರೆ ಯಾರ ಹೊಣೆ, ದುಡ್ಡು ಯಾವಾಗ, ಎಷ್ಟು ಪಾಲು, ಒಪ್ಪಂದ ಕನ್ನಡದಲ್ಲಿ ಇದೆಯಾ ಎಂದು ಕೇಳಿ. ಕೊನೇ ಪ್ರಶ್ನೆಗೇ ಎಷ್ಟೋ ಜನ ಎದ್ದು ಹೋಗುತ್ತಾರೆ.

ಇದೆಲ್ಲ ಬಿಟ್ಟು ಗಿಡ ನೆಟ್ಟರೆ ಸಾಲದಾ?

ನೆಡಿ, ಬೇಡ ಅನ್ನುವವರು ಯಾರು. ಆದರೆ ಎಲ್ಲಿ ನೆಡುತ್ತೀರಿ ಅನ್ನುವುದು ಮುಖ್ಯ. ಮೈದನಹಳ್ಳಿಯಂಥ ಬಯಲಿನಲ್ಲಿ ಸಾಲು ಸಾಲು ಗಿಡ ತುಂಬಿದರೆ ಕೃಷ್ಣಮೃಗದ ಮನೆ ಕೆಡಿಸಿದ ಹಾಗೆ. ಕೆರೆ ಏರಿ, ರಸ್ತೆ ಬದಿ, ಹೊಲದ ಬದು ಖಾಲಿ ಬಿದ್ದಿವೆ. ನೆಟ್ಟದ್ದು ಬದುಕಿತಾ ಎಂದು ನೋಡುವುದಕ್ಕೂ ಇದೇ ಸಾಧನಗಳಿವೆ. ಪರಿಸರ ದಿನಕ್ಕೆ ನೆಟ್ಟ ಜಾಗದ ಗಡಿ ಗುರುತಿಸಿಡಿ. ಮೂರು ಬೇಸಿಗೆ ಕಳೆದ ಮೇಲೆ ಅದೇ ಜಾಗದ ಸೆಂಟಿನೆಲ್ ಚಿತ್ರ ತೆಗೆಯಿರಿ. ಇಂಥ ಚಿತ್ರ ಯಾರಿಗೂ ಅಷ್ಟಾಗಿ ಇಷ್ಟ ಆಗುವುದಿಲ್ಲ, ಅದೇ ಅದರ ಉಪಯೋಗ.

ಕಂಡದ್ದನ್ನೆಲ್ಲ ಫೇಸ್‌ಬುಕ್, ವಾಟ್ಸ್ಆ್ಯಪ್‌ನಲ್ಲಿ ಹಾಕಬಹುದಾ?

ಮರ ಕಡಿದ ಜಾಗ, ಬೆಂಕಿ ಬಿದ್ದ ಜಾಗ ಹಾಕಿ. ಶ್ರೀಗಂಧದ ಮರ, ಚಿಂಕಾರ ಮರಿ ಹಾಕಿದ ಜಾಗ, ಚಿರತೆ ಗವಿ, ಗೂಬೆ ಗೂಡು ಇವುಗಳ ಲೊಕೇಶನ್ ಯಾವ ಕಾರಣಕ್ಕೂ ಹಾಕಬೇಡಿ. ಫೋಟೋದೊಳಗೇ ಲೊಕೇಶನ್ ಕೂತಿರುತ್ತದೆ. ಕಳಿಸುವ ಮುಂಚೆ ಅದನ್ನು ತೆಗೆಯಿರಿ, ಇಲ್ಲವೇ ಸ್ಕ್ರೀನ್‌ಶಾಟ್ ಮಾಡಿ ಅದನ್ನು ಕಳಿಸಿ. ಊರಿನ ಹೆಸರೂ ಬೇಡ, ತಾಲ್ಲೂಕು ಸಾಕು.